ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತು ಪುರದ ಗೋಬರ್ ಗ್ಯಾಸ್
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಾಧನೆ ಬಗ್ಗೆ ಹಿರಿಯರು ಆಗಲೇ ಹೇಳಿದ್ದಾರೆ. ನಾನು ಒಬ್ಬ ಪ್ರೊಫೆಸರರ ವಿಷಯ ಹೇಳ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕಿನವರು ಕಟ್ಟಿಗೆ, ಕುಡಿಯೋ ನೀರು ಎರಡಕ್ಕೂ ಒದ್ದಾಡಿದವರು. ಅದಕ್ಕೇ ಅವರ ಮಾತು ನಮಗೆ ಬೇಕು.

ಅಮೂಲ್ಯ ಕುಮಾರ ಎನ್. ರೆಡ್ಡಿಯವರು 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಡಾಕ್ಟರೇಟ್, ಅಮೆರಿಕದಲ್ಲಿ ಸಂಶೋಧನೆ, 1966ರಿಂದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ. ವಿಷಯ ವಿದ್ಯುತ್ ರಸಾಯನ. ಅಂದರೆ ಬ್ಯಾಟರಿ ಹೆಂಗೆ ಕರೆಂಟ್ ಕೊಡ್ತೈತಿ, ಕಬ್ಬಿಣ ಯಾಕೆ ತುಕ್ಕು ಹಿಡಿತೈತಿ ಅನ್ನೋದು. ಬೋಕ್ರಿಸ್ ಅವರ ಜೊತೆ ಬರೆದ ಪುಸ್ತಕ 1970ರಲ್ಲಿ ಬಂತು, ಅದನ್ನು ದೇಶವಿದೇಶದ ವಿದ್ಯಾರ್ಥಿಗಳು ಓದಿದರು. ಅಷ್ಟಕ್ಕೇ ಹೆಸರು ಸಾಕಿತ್ತು. ಆದರೆ 1974ರಲ್ಲಿ ಅವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಂತ ‘ಅಸ್ತ್ರ’ ಕೇಂದ್ರ ಕಟ್ಟಿದರು. ಹೊಗೆ ಕಡಿಮೆ ಮಾಡೋ, ಕಟ್ಟಿಗೆ ಉಳಿಸೋ ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ.

ಮೊದಲು ಮಾಡಿದ್ದು ಲೆಕ್ಕ. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲ ಆರು ಹಳ್ಳಿಯಲ್ಲಿ ಯಾರು ಎಷ್ಟು ಕಟ್ಟಿಗೆ ಸುಡ್ತಾರೆ, ತರೋರು ಯಾರು, ಎಷ್ಟು ಹೊತ್ತು ಬೇಕು ಅಂತ ಬರೆದುಕೊಂಡರು. ಹಳ್ಳಿಯ ಇಂಧನದ ಬಹುಪಾಲು ಅಡಿಗೆ ಒಲೆಗೇ ಹೋಗ್ತಿತ್ತು. ಹೊರೆ ಹೆಂಗಸರು ಮಕ್ಕಳ ತಲೆ ಮೇಲೆ. ನಮ್ಮ ಅವ್ವಂದಿರಿಗೆ ಇದು ಹೊಸ ಸುದ್ದಿಯೇನಲ್ಲ, ಆದರೆ ಅಂಕಿ ಅಂಶ ಮಾಡಿ ದೊಡ್ಡವರ ಮುಂದೆ ಇಟ್ಟವರು ಬೇಕಿತ್ತು.

ಆ ಹಳ್ಳಿಗಳಲ್ಲಿ ಪುರ ಒಂದು. ಅಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಮಾಡಿ ಎಲ್ಲರ ಅಡಿಗೆಗೂ ಕೊಡೋಣ ಅಂತ ಹೊರಟರು. ಊರ ದನದ ಸೆಗಣಿ ಅಷ್ಟಕ್ಕೆ ಸಾಲಲಿಲ್ಲ. ಹಟ ಹಿಡೀಲಿಲ್ಲ; ಊರವರಿಗೆ ನೀರೇ ಮೊದಲು ಬೇಕಿತ್ತು. 1987ರಿಂದ ಅದೇ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿ ಬೋರ್‌ವೆಲ್ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು.

ನಮ್ಮ ಸಂಘದವರು ಕಿವಿಗೊಟ್ಟು ಕೇಳಬೇಕಾದ್ದು ಇದು. ಸೆಗಣಿ ತೂಕ ಮಾಡಿ, ತಂದವರಿಗೆ ಕಿಲೋಕ್ಕೆ 2 ಪೈಸೆ ಕೊಡ್ತಿದ್ದರು. ಹೆಚ್ಚಾಗಿ ತರ್ತಿದ್ದವರು ಹೆಂಗಸರು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ವಾಪಸ್, ಗೊಬ್ಬರ ನಷ್ಟ ಇಲ್ಲ. ದೀಪಕ್ಕೆ, ನೀರಿಗೆ ದುಡ್ಡು ಕಟ್ಟಬೇಕು. ಎಲ್ಲರೂ ಬಾಕಿ ಇಟ್ಟರೆ ಎಲ್ಲರಿಗೂ ಕತ್ತಲೆ, ಹಾಗಾಗಿ ಒಬ್ಬರು ಇನ್ನೊಬ್ಬರನ್ನು ಕೇಳ್ತಿದ್ದರು. ನಮ್ಮ ಹಾಲಿನ ಡೇರಿ ಇದ್ದಂಗೇ ಅಲ್ಲವೇನ್ರಿ?

1990ರ ದಶಕ ಮುಗಿಯೋದರೊಳಗೆ ಆ ಸ್ಥಾವರ ನಿಂತಿತು. ರೆಡ್ಡಿಯವರು ಮುಚ್ಚಿಡಲಿಲ್ಲ. ಪುರದಿಂದ ಕಲಿತ ಪಾಠಗಳು ಅಂತ 2004ರಲ್ಲಿ ಲೇಖನವನ್ನೇ ಬರೆದರು: ಯಂತ್ರ ಕೂಡಿಸಿದರೆ ಮುಗೀಲಿಲ್ಲ, ಅದನ್ನು ನಡೆಸೋರು, ವಸೂಲಿ, ಊರಿನ ಒಗ್ಗಟ್ಟು ಎಲ್ಲವೂ ಬೇಕು ಅಂತ. 2006ರಲ್ಲಿ ಅವರು ತೀರಿಕೊಂಡರು.

ಬಾಕಿದಾರರ ಪಟ್ಟಿ ಇವತ್ತು ಓದೋದಿಲ್ಲ ಅಂತ ಕಾರ್ಯದರ್ಶಿಗಳು ಹೇಳ್ಯಾರ, ಹಬ್ಬದ ದಿನ ಅಂತ. ನಾಳೆ ಆಫೀಸು ಹತ್ತಕ್ಕೆ ತೆರಿತೈತಿ.