ಕಿಡಕಿ ಬದಲಿಸುವ ಮುಂಚೆ ಲೆಕ್ಕ



ಬೆಳೆಯ ಮಾತು ಹೇಳಬೇಕಾದವನು ಕಿಡಕಿಯ ಮಾತು ಯಾಕೆ ತೆಗೆದ ಎಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ. ಹೋದ ಚಳಿಗಾಲದಲ್ಲಿ ಭೂತನಾಳದ ಒಬ್ಬ ರೈತರ ಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಕುಳಿತು ತೊಗರಿಯ ಕಾಯಿಕೊರಕದ ವಿಷಯ ಮಾತಾಡುತ್ತಿದ್ದೆವು. ಒಳಗಿನಿಂದ ಆ ಮನೆಯ ಹಿರಿಯ ತಾಯಿ ಬಂದು, "ಸಾಹೇಬ್ರ, ತೊಗರಿ ತಿನ್ನೂ ಹುಳಾ ಆಮ್ಯಾಲೆ ನೋಡ್ರಿ. ಮೊದಲ ನಮ್ಮ ಕಿಡಕಿ ತಿನ್ನೂ ಹುಳಾ ನೋಡ್ರಿ" ಎಂದರು.

ಎದ್ದು ಹೋಗಿ ನೋಡಿದೆ. ಅಡಿಗೆಮನೆಯ ಕಿಡಕಿಯ ಚೌಕಟ್ಟನ್ನು ಗೆದ್ದಲು ತಿಂದಿತ್ತು. ಬಾಗಿಲು ಬಿದ್ದೀತೆಂದು ಮೊಳೆ ಹೊಡೆದು ಮುಚ್ಚಿದ್ದರು. ಒಲೆಯ ಹೊಗೆಯೆಲ್ಲ ಒಳಗೇ ಸುತ್ತುತ್ತಿತ್ತು. ಜೋಳದ ಕೋಣೆಯ ಕಿಡಕಿಯಿಂದ ಮಳೆಯ ಎರಚಲು ಬಂದು ಎರಡು ಚೀಲ ಜೋಳ ಮುಗ್ಗು ಹಿಡಿದಿತ್ತು. ಯಜಮಾನರು ಆಗಲೇ ಒಂದು ತೀರ್ಮಾನ ಮಾಡಿದ್ದರು: ನಾಲ್ಕೂ ಕಿಡಕಿ ಕಿತ್ತು ಹೊಸದು ಕೂಡಿಸುವುದು, ಅದಕ್ಕೆ ಕೈಸಾಲ ತರುವುದು. "ತುಸು ತಡೀರಿ, ಲೆಕ್ಕ ಹಾಕೋಣ" ಎಂದು ಕಾಗದ ತೆಗೆದೆ. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ಪರೀಕ್ಷೆ. ಒಂದು ದಬ್ಬಣ ತೆಗೆದುಕೊಂಡು ಚೌಕಟ್ಟಿನ ನಾಲ್ಕೂ ಮೂಲೆ, ಅದರಲ್ಲೂ ಕೆಳಗಿನ ಪಟ್ಟಿಯನ್ನು ಚುಚ್ಚಿ ನೋಡಿರಿ. ದಬ್ಬಣ ಸಲೀಸಾಗಿ ಇಳಿದರೆ ಕಟ್ಟಿಗೆ ಹೋಗಿದೆ. ಇಳಿಯದಿದ್ದರೆ ಕಟ್ಟಿಗೆ ಗಟ್ಟಿ ಇದೆ. ಅದನ್ನು ಕೀಳುವುದು ನಷ್ಟ. ಆ ಮನೆಯಲ್ಲಿ ಪೂರ್ತಿ ಕೆಟ್ಟದ್ದು ಅಡಿಗೆಮನೆಯದೊಂದೇ. ಜೋಳದ ಕೋಣೆಯದಕ್ಕೆ ಬಾಗಿಲು ಮಾತ್ರ ಹೊಸದು ಬೇಕಿತ್ತು. ಪಡಸಾಲೆಯದಕ್ಕೆ ಕೆಳಪಟ್ಟಿ ಬದಲಿಸಿದರೆ ಸಾಕು. ನಾಲ್ಕನೆಯದಕ್ಕೆ ಎಣ್ಣೆ ಹಚ್ಚಿದರೆ ಸಾಕಿತ್ತು.

ಎರಡನೆಯದು ಅಳತೆ. ಅಗಲ 3 ಅಡಿ, ಎತ್ತರ 4 ಅಡಿಯ ಕಿಡಕಿಗೆ ನಡುವಿನ ಕಂಬ ಸೇರಿ 18 ಅಡಿ ಉದ್ದದ ಕಟ್ಟಿಗೆ ಬೇಕು. 4 ಇಂಚು ಅಗಲ, 2½ ಇಂಚು ದಪ್ಪದ ಕಟ್ಟಿಗೆ ಹಿಡಿದರೆ ಚೌಕಟ್ಟಿಗೆ 1¼ ಘನ ಅಡಿ ಆಗುತ್ತದೆ. ಕೊಯ್ತದಲ್ಲಿ ಹೋಗುವ ಹತ್ತರಲ್ಲೊಂದು ಪಾಲು ಬೇರೆ. ಈ ಲೆಕ್ಕ ಕೈಯಲ್ಲಿಟ್ಟುಕೊಂಡೇ ವಿಜಯಪುರದ ಅಡ್ಡೆಗೆ ಹೋಗಿರಿ. ಎರಡು ಮೂರು ಕಡೆ ದರ ಕೇಳಿರಿ. ಸಿಮೆಂಟಿನ ಚೌಕಟ್ಟಿನ ದರವನ್ನೂ ಕೇಳಿರಿ. ಅದನ್ನು ಗೆದ್ದಲು ತಿನ್ನುವುದಿಲ್ಲ.

ಮೂರನೆಯದು ಹಣ. ದರ ಊರಿಂದ ಊರಿಗೆ ಬೇರೆ. ತಿಳಿಯಲೆಂದು ಒಂದು ದರ ಹಿಡಿಯೋಣ. ಕಟ್ಟಿಗೆ, ಸರಳು, ಬಡಿಗೇರರ ಕೂಲಿ, ಗೌಂಡಿ ಕೂಲಿ, ಬಣ್ಣ ಎಲ್ಲ ಸೇರಿ ಹೊಸ ಕಿಡಕಿ ಒಂದಕ್ಕೆ 9,000 ರೂಪಾಯಿ. ನಾಲ್ಕಕ್ಕೆ 36,000. ಹತ್ತರಲ್ಲೊಂದು ಪಾಲು ಅಡಚಣಿಗೆ 3,600. ಒಟ್ಟು 39,600. ಇದನ್ನು ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ತಂದರೆ ವರ್ಷದ ಬಡ್ಡಿಯೇ 14,256 ರೂಪಾಯಿ.

ಈಗ ಇನ್ನೊಂದು ಲೆಕ್ಕ ನೋಡಿರಿ. ಒಂದು ಹೊಸ ಕಿಡಕಿಗೆ 9,000, ಬಾಗಿಲಿಗೆ 3,500, ಕೆಳಪಟ್ಟಿಗೆ 1,500, ಎಣ್ಣೆಗೆ 500. ಒಟ್ಟು 14,500. ಅಡಚಣಿಗೆ 1,450 ಸೇರಿಸಿದರೂ 15,950. ಅಂದರೆ ಹೆಚ್ಚೂಕಡಿಮೆ ಬಡ್ಡಿಗೆ ಹೋಗುವ ಹಣದಲ್ಲೇ ಕೆಲಸ ಮುಗಿಯುತ್ತದೆ! ಯಜಮಾನರು ಕಾಗದವನ್ನು ಎರಡು ಸಲ ನೋಡಿದರು. ತಾಯಿ ನಕ್ಕು, "ಸಾಲದ ಕಿಡಕ್ಯಾಗಿಂದ ಗಾಳಿ ಬರೂದಿಲ್ರಿ, ಬಡ್ಡಿ ಬರತೈತಿ" ಎಂದರು.

ಇಷ್ಟೂ ಕೂಡದಿದ್ದರೆ ಈ ವರ್ಷ ಅಡಿಗೆಮನೆ ಮತ್ತು ಕಾಳಿನ ಕೋಣೆ, ಮುಂದಿನ ವರ್ಷ ಉಳಿದದ್ದು ಮಾಡಿರಿ. ಬೀದಿಗೆ ಕಾಣುವ ಕಿಡಕಿ ಕೊನೆಗೆ ಬರಲಿ. ಬೆಳೆಸಾಲದ ಹಣವನ್ನು ಮಾತ್ರ ಇದಕ್ಕೆ ಮುಟ್ಟಬೇಡಿರಿ.

ನಾಲ್ಕನೆಯದು ವೇಳೆ. ಜನವರಿಯಲ್ಲಿ ತೊಗರಿ ಮಾರಿದಾಗ ಕಟ್ಟಿಗೆ ಕೊಳ್ಳಿರಿ, ನೆರಳಲ್ಲಿ ಒಣಗಲಿ. ಹಸಿ ಕಟ್ಟಿಗೆಯ ಬಾಗಿಲು ಬೇಸಿಗೆಗೆ ಸೀಳುತ್ತದೆ, ಸೊಟ್ಟಗಾಗುತ್ತದೆ. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಮುಂಗಾರಿಯ ಬೀಜ ಗೊಬ್ಬರದ ಹಣ ಮೊದಲು ತೆಗೆದಿಡಿರಿ. ಉಳಿದುದರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕೆಲಸ ಮಾಡಿಸಿರಿ. ಮಿರಗದ ಮಳೆಗೆ ಮುಂಚೆ ಮುಗಿಯಬೇಕು. ಬಡಿಗೇರರಿಗೆ ಹಣವನ್ನು ಮೂರು ಕಂತಿನಲ್ಲಿ ಕೊಡಿರಿ. ಕೊನೆಯ ಕಂತು ಬಾಗಿಲು ಹಾಕಿ ತೆಗೆದು ನೋಡಿದ ಮೇಲೆ. ಕಲ್ಲು ಮಣ್ಣಿನ ಗೋಡೆಯಾದರೆ ಆಸರೆಗಂಬ ಕೊಡದೆ ಹಳೆಯ ಚೌಕಟ್ಟು ಕೀಳಲೇಬಾರದು.

ಕೊನೆಯ ಮಾತು. ಗೆದ್ದಲು ಎಲ್ಲಿಂದ ಬಂತೆಂದು ಹುಡುಕದಿದ್ದರೆ ಹೊಸ ಕಿಡಕಿಯೂ ಅದರ ಪಾಲೇ. ಆ ಮನೆಯಲ್ಲಿ ಕಣಿಕೆಯ ಬಣವೆ ಗೋಡೆಗೆ ಆತುಕೊಂಡಿತ್ತು. ಅದರ ಹಿಂದೆಯೇ ಗೆದ್ದಲಿನ ಮಣ್ಣಿನ ಸಾಲು ಏರಿತ್ತು. ಬಣವೆಯನ್ನು ಗೋಡೆಯಿಂದ ದೂರ ಒಟ್ಟಿರಿ. ಗೋಡೆಗೆ ತಾಗುವ ಕಟ್ಟಿಗೆಗೆ ಡಾಂಬರು ಬಳಿಯಿರಿ. ಹೊರಮೈಗೆ ಕಾಸಿದ ಅಗಸಿ ಎಣ್ಣೆ ಹಚ್ಚಿರಿ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಒಗೆಯಬೇಡಿರಿ, ತಾನೇ ಹೊತ್ತಿಕೊಂಡೀತು. ಬಯಲಲ್ಲಿ ಹರವಿ ಒಣಗಿಸಿರಿ.

ಮೊನ್ನೆ ಬೇಸಿಗೆಯಲ್ಲಿ ಮತ್ತೆ ಆ ಮನೆಗೆ ಹೋಗಿದ್ದೆ. ತಾಯಿ ರೊಟ್ಟಿ ಬಡಿಯುತ್ತಿದ್ದರು. ಹೊಗೆ ಹೊಸ ಕಿಡಕಿಯಿಂದ ನೆಟ್ಟಗೆ ಹೊರಗೆ ಹೋಗುತ್ತಿತ್ತು. ಸಾಲದ ಮಾತೇ ಇರಲಿಲ್ಲ. ನೀವೂ ಇಂದು ಸಂಜೆ ಒಂದು ದಬ್ಬಣ, ಒಂದು ಕಾಗದ ಹಿಡಿದು ನಿಮ್ಮ ಮನೆಯ ಕಿಡಕಿಗಳನ್ನು ಒಮ್ಮೆ ಸುತ್ತಿ ಬನ್ನಿರಿ.