ದ್ವೀಪಾಂತರದ ನುಡಿಗಳೂ ನಮ್ಮ ಐಹೊಳೆಯೂ

(ಹುನಗುಂದದಲ್ಲಿ ಶಿಕ್ಷಕರೂ ನಾಗರಿಕರೂ ನೆರೆದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಏಕಾದಶಿಯ ದಿನ ಬಾಗಲಕೋಟೆ, ಇಲಕಲ್ಲುಗಳ ಮನೆಗಳಲ್ಲಿ ಬೇಯುವ ಸಾಬೂದಾಣಿಯನ್ನು ತಾವೆಲ್ಲರೂ ಬಲ್ಲಿರಿ. ಈ ಹೆಸರಿನೊಳಗಿನ 'ಸಾಬೂ' ಎಂಬುದು ಕನ್ನಡವೂ ಅಲ್ಲ, ಸಂಸ್ಕೃತವೂ ಅಲ್ಲ. ಮಲಯ ಭಾಷೆಯ 'ಸಾಗು' ಎಂಬ ಶಬ್ದದ ರೂಪಾಂತರವದು. ಆ ದ್ವೀಪಗಳ ಒಂದು ತಾಳೆಯ ಜಾತಿಯ ಮರದ ತಿರುಳಿನಿಂದ ತೆಗೆಯುವ ಹಿಟ್ಟಿಗೆ ಆ ಹೆಸರು. ನಮ್ಮಲ್ಲಿ ಈಗ ಸಾಬೂದಾಣಿಯನ್ನು ಮರಗೆಣಸಿನಿಂದ ಮಾಡುವರಾದರೂ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಅತ್ತ ಇಂಡೋನೇಶಿಯದ ಮುಸಲ್ಮಾನ ಬಾಂಧವರು ರಮಜಾನಿನ ವ್ರತಕ್ಕೆ 'ಪುವಾಸಾ' ಎನ್ನುವರು. ಅದು 'ಉಪವಾಸ'ವೆಂಬ ಶಬ್ದವೇ ಆಗಿರುತ್ತದೆ. ಉಪವಾಸದ ಹೆಸರು ಇಲ್ಲಿಂದ ಅಲ್ಲಿಗೆ ಹೋಯಿತು. ಉಪವಾಸದ ಫಲಾಹಾರದ ಹೆಸರು ಅಲ್ಲಿಂದ ಇಲ್ಲಿಗೆ ಬಂದಿತು. ಇಂಥ ಕೊಡುಕೊಳ್ಳುವಿಕೆ ನಡೆಸಿದ ಆ ಜನರು ಯಾರೆಂಬುದನ್ನು ಅರಿಯುವದು ನಮಗೆ ಉಚಿತವಾಗಿದೆ.

ಪಂಡಿತರು ಅವರ ನುಡಿಗಳನ್ನು ಆಸ್ಟ್ರೊನೇಶಿಯನ್ ಭಾಷಾಕುಟುಂಬವೆಂದು ಕರೆಯುತ್ತಾರೆ. ಈ ಕುಟುಂಬದಲ್ಲಿ ಸುಮಾರು 1,200 ಭಾಷೆಗಳಿವೆ. ಪಶ್ಚಿಮದಲ್ಲಿ ಆಫ್ರಿಕದ ಮಗ್ಗುಲಿನ ಮಡಗಾಸ್ಕರದಿಂದ ಪೂರ್ವದಲ್ಲಿ ಈಸ್ಟರ್ ದ್ವೀಪದವರೆಗೆ, ಅರ್ಥಾತ್ ಭೂಮಂಡಲದ ಅರ್ಧ ಸುತ್ತಿಗಿಂತ ಹೆಚ್ಚು, ಅದರ ಹರವು. ಐದು ಎಂಬುದಕ್ಕೆ ಮಲಯದಲ್ಲಿ 'ಲಿಮ', ಫಿಲಿಪೀನದ ತಗಾಲೋಗಿನಲ್ಲಿ 'ಲಿಮ', ನ್ಯೂಜಿಲಂಡದ ಮಾವೋರಿಯಲ್ಲಿ 'ರಿಮ', ಮಡಗಾಸ್ಕರದಲ್ಲಿ 'ದಿಮಿ'. ಹವಾಯಿಯಲ್ಲಿ 'ಲಿಮ' ಎಂದರೆ ಕೈ. ಐದು ಬೆರಳುಗಳೇ ಅವರ ಮೊದಲಿನ ಅಂಕಲಿಪಿ! ಇವರ ಪೂರ್ವಜರು 5,000 ವರ್ಷಗಳಿಗೂ ಹಿಂದೆ ತೈವಾನದಲ್ಲಿದ್ದು, ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ ಹಬ್ಬಿದರೆಂದು ಭಾಷಾಶಾಸ್ತ್ರಜ್ಞರು ತರ್ಕಿಸಿರುವರು. ಮಡಗಾಸ್ಕರದ ನುಡಿಗೆ ಅತಿ ಸಮೀಪದ ನುಡಿ ಆಫ್ರಿಕದಲ್ಲಿಲ್ಲ. ಸಾವಿರಾರು ಮೈಲು ಆಚೆಯ ಬೋರ್ನಿಯೋ ದ್ವೀಪದಲ್ಲಿದೆ.

ಇನ್ನು ನಮ್ಮ ತಾಲೂಕಿನ ಮಾತು. ಇದೇ ಹುನಗುಂದ ತಾಲೂಕಿನ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರು ದಕ್ಷಿಣ ಭಾರತದಲ್ಲೆಲ್ಲ ವ್ಯಾಪಾರ ನಡೆಸಿದ ವರ್ತಕ ಸಂಘದವರು. ಸುಮಾತ್ರಾ ದ್ವೀಪದ ಪಶ್ಚಿಮ ತೀರದಲ್ಲಿ ಕರ್ಪೂರಕ್ಕೆ ಹೆಸರಾದ ಬಾರೂಸ್ ಎಂಬ ರೇವು ಇದೆ. ಅದರ ಹತ್ತಿರದ ಲೋಬು ತುವಾದಲ್ಲಿ 1873ರಲ್ಲಿ ಒಂದು ಶಿಲಾಶಾಸನ ದೊರೆಯಿತು. ಅದು ಶಕವರ್ಷ 1010ರದು, ಕ್ರಿ. ಶ. 1088. ಅದರಲ್ಲಿ ಈ ಐನೂರ್ವರ ಹೆಸರಿದೆ. ಮಲಪ್ರಭೆಯ ದಂಡೆಯ ಊರಿನ ಹೆಸರು ಹೊತ್ತ ಸಂಘವೊಂದು ಸಮುದ್ರ ದಾಟಿತ್ತೆಂದು ಕೇಳಿ ಯಾವ ಕನ್ನಡಿಗನ ಎದೆ ಹಿಗ್ಗಲಿಕ್ಕಿಲ್ಲ?

ಆದರೆ ಮಹನೀಯರೇ, ವಕೀಲನಾದ ನಾನು ಸಾಕ್ಷ್ಯದ ಅರ್ಧವನ್ನು ಮುಚ್ಚಿಡಲಾರೆನು. ಆ ಶಾಸನದ ಭಾಷೆ ಕನ್ನಡವಲ್ಲ, ತಮಿಳು. ಐನೂರ್ವರ ಹೆಸರನ್ನು ಅಷ್ಟು ದೂರ ಒಯ್ದವರು ತಮಿಳು ನುಡಿಯ ವರ್ತಕರು. ಆ ದ್ವೀಪಗಳಿಗೆ ನಾಗರಿಕತೆಯನ್ನು ನಾವೇ ಕಲಿಸಿದೆವೆಂದು ಸಭೆಗಳಲ್ಲಿ ಕೇಳಿಬರುವ ಜಂಬದ ಮಾತೂ ಸಲ್ಲದು. ನಮ್ಮ ವರ್ತಕರು ಬಾರೂಸ್ ಮುಟ್ಟುವ ಎಷ್ಟೋ ಶತಮಾನಗಳ ಮೊದಲೇ ಆ ಜನರು ಮಹಾಸಾಗರವನ್ನು ದಾಟಿದ್ದರು. ಇರುವ ಕೀರ್ತಿಯೇ ಸಾಲದೆಂಬವನು ಮಾತ್ರ ಇಲ್ಲದ ಕೀರ್ತಿಯನ್ನು ಕಟ್ಟುವನು.

ಇರುವದೇನು, ನೋಡೋಣ. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಿಕೇಶಿಯು ಶಕವರ್ಷ 465ನ್ನು, ಅಂದರೆ ಕ್ರಿ. ಶ. 543ನ್ನು, ಸಂಸ್ಕೃತದಲ್ಲಿ ಕೆತ್ತಿಸಿದನು. ಅಲ್ಲಿಯ ವೈಷ್ಣವ ಗುಹೆಯಲ್ಲಿ ಮಂಗಳೇಶನ ಕನ್ನಡ ಶಾಸನವೂ ಇದೆ. ಅತ್ತ ಸುಮಾತ್ರಾದ ಪಾಲೆಂಬಾಂಗಿನ ಬಳಿ ಶಕವರ್ಷ 605ರ ಹಳೆಯ ಮಲಯ ಶಾಸನವಿದೆ. ಅದೇ ಶಕಗಣನೆ, ದಕ್ಷಿಣ ಭಾರತದಿಂದ ಹೋದ ಲಿಪಿ, ಸಂಸ್ಕೃತದ ಶಬ್ದಗಳು. ನುಡಿ ಮಾತ್ರ ಅವರದೇ. ಎರಡೂ ಕಡೆಗೆ ನಾಡನುಡಿಯು ಪರರಿಂದ ಧಾರಾಳವಾಗಿ ಕೊಂಡಿತು, ಆದರೂ ತನ್ನತನವನ್ನು ಮಾರಿಕೊಳ್ಳಲಿಲ್ಲ. ಇದೇ ನಮಗೂ ಅವರಿಗೂ ಇರುವ ನಿಜವಾದ ಸಾಮ್ಯ.

1928ರ ಅಕ್ಟೋಬರ 28ರಂದು, ಡಚ್ಚರ ಆಳಿಕೆಯ ಬಟಾವಿಯದಲ್ಲಿ ಅಲ್ಲಿಯ ತರುಣರು ಒಂದು ನಾಡು, ಒಂದು ಜನಾಂಗವೆಂದು ಸಾರಿ, ಐಕ್ಯದ ನುಡಿಯನ್ನಾಗಿ ಮಲಯವನ್ನು ಆರಿಸಿಕೊಂಡರು. ಆ ನಾಡಿನಲ್ಲಿ ಜಾವಾ ನುಡಿಯವರದೇ ಎಲ್ಲಕ್ಕೂ ದೊಡ್ಡ ಗುಂಪು. ಆದರೂ ಅವರು ತಮ್ಮ ನುಡಿಯನ್ನು ಉಳಿದವರ ಮೇಲೆ ಹೇರಲಿಲ್ಲ. ಅಲ್ಲಿ ಇಂದಿಗೂ 700ಕ್ಕೂ ಹೆಚ್ಚು ನುಡಿಗಳಿವೆ. ಇದಕ್ಕೆ ವಿರುದ್ಧವಾದದ್ದು ತೈವಾನದ ಕಥೆ. ಈ ಕುಟುಂಬದ ತವರುಮನೆಯಲ್ಲಿಯೇ, ಮೊದಲು ಜಪಾನೀ, ಬಳಿಕ ಚೀನೀ ಭಾಷೆಯ ಶಾಲೆಗಳ ಕಾಲದಲ್ಲಿ, ಮೂಲನಿವಾಸಿಗಳ ನುಡಿಗಳು ಸೊರಗಿದವು. ಕೆಲವು ಅಳಿದೇ ಹೋದವು. 2017ರಲ್ಲಿ ಕಾನೂನು ಮಾಡಿ ಅವನ್ನು ರಾಷ್ಟ್ರಭಾಷೆಗಳೆಂದು ಮನ್ನಿಸಿದರು. ಕಾನೂನು ಬಂದಿತು, ಆದರೆ ಸತ್ತ ನುಡಿ ಕಾನೂನಿನಿಂದ ಏಳುವದಿಲ್ಲ.

ಶಿಕ್ಷಕ ಬಂಧುಗಳೇ, ಒಮ್ಮೆ ಒಂದು ನ್ಯಾಯಾಲಯದಲ್ಲಿ ತಾಂಡೆಯ ಮುದುಕಿಯೊಬ್ಬಳು ಸಾಕ್ಷಿ ನುಡಿಯಲು ನಿಂತಳು. ಅವಳ ಲಂಬಾಣಿ ಬೆರೆತ ಕನ್ನಡಕ್ಕೆ ಜನರು ನಕ್ಕರು. ನಾನು ನಗಲಿಲ್ಲ, ಆದರೆ ಸುಮ್ಮನೆ ಕುಳಿತೆನು. ಅವಳು ಮುಂದೆ ಮಾತಾಡಲಿಲ್ಲ. ಹಿಂದೆ ಮುಂಬಯಿ ಇಲಾಖೆಯಲ್ಲಿ ಶಾಲೆಗಳಿಗೂ ಕಚೇರಿಗಳಿಗೂ ಮರಾಠಿಯೇ ಭಾಷೆಯಾಗಿದ್ದಾಗ ನಮ್ಮ ಹಿರಿಯರ ಕನ್ನಡವೂ ಹೀಗೆಯೇ ಬಾಯಿ ಮುಚ್ಚಿ ನಿಂತಿತ್ತು. ಆ ನೋವಿನಿಂದಲೇ ಏಕೀಕರಣದ ಹಂಬಲ ಹುಟ್ಟಿ, 1956ರ ನವೆಂಬರ 1ರಂದು ಕೈಗೂಡಿತು. ನೋವುಂಡವರ ಮಕ್ಕಳೇ ಇನ್ನೊಬ್ಬರಿಗೆ ಅದೇ ನೋವನ್ನು ಉಣಿಸುವದು ನ್ಯಾಯವೇ?

ತಾಂಡೆಯ ಮಗು ಶಾಲೆಗೆ ಬಂದಾಗ ಅದಕ್ಕೆ ಒಳ್ಳೆಯ ಕನ್ನಡವನ್ನು ಅವಶ್ಯ ಕಲಿಸಿರಿ. ಆದರೆ ಅದರ ಮನೆಯಲ್ಲಿ ಕೈಗೆ, ಕಣ್ಣಿಗೆ, ಐದಕ್ಕೆ ಏನನ್ನುವರೆಂದು ಮೊದಲು ಕೇಳಿರಿ; ಕೇಳಿ ಹಲಗೆಯ ಮೇಲೆ ಬರೆಯಿರಿ. ಐನೂರ್ವರ ಹೆಸರು ತಮಿಳರ ಬಾಯಲ್ಲಿ ಕಡಲು ದಾಟಿತು. ನಮ್ಮ ಶಾಲೆಯ ಹೊಸ್ತಿಲನ್ನು ದಾಟಲು ಆ ಮಗುವಿನ ನುಡಿಗೆ ನಾವು ಎಡೆ ಕೊಡಲಾರೆವೇ?