ದಾರಿಯ ಏರಿಳಿತ, ದ್ವಿಪದದ ಅಂಕಗಳು

ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಹಳೆಯ ಮದರಾಸು ರಸ್ತೆ ಹಿಡಿದು ಹೊರಟಿದ್ದೀರೆಂದು ಭಾವಿಸಿ. ದಾರಿಯನ್ನು ನಾಲ್ಕು ಸಮಭಾಗ ಮಾಡಿ ಐದು ಗುರುತು ಹಾಕಿದ್ದೀರಿ. ಅಲ್ಲಲ್ಲಿ ನೆಲದ ಎತ್ತರ, ಬರಿಯ ಲೆಕ್ಕಕ್ಕಾಗಿ, 8, 12, 16, 12, 8 ಅಡಿ ಎಂದಿರಲಿ; ನಡುವಣ ಏರು ಇಳಿವುಗಳು ನೇರವಾಗಿರಲಿ. ಇಡೀ ದಾರಿಯ ಎತ್ತರವನ್ನು ಹೇಳುವಂಥ, ಕೂಡುವುದು ಕಳೆಯುವುದು ಗುಣಿಸುವುದು ಇಷ್ಟರಲ್ಲೇ ಮುಗಿಯುವಂಥ ಒಂದು ಬಹುಪದೋಕ್ತಿಯನ್ನು ಬರೆಯಬಹುದೆ?

ಎಲ್ಲ ಗುರುತುಗಳನ್ನೂ ಮುಟ್ಟಿಕೊಂಡು ಹೋಗುವ ಬಹುಪದೋಕ್ತಿಯೇ ಮೊದಲು ಹೊಳೆಯುವ ಉಪಾಯ. ಆದರೆ ಗುರುತುಗಳು ಹೆಚ್ಚಿದಂತೆಲ್ಲ ಅದು ಕೆಲವೊಮ್ಮೆ ತುದಿಗಳ ಬಳಿ ಅಂಕೆಮೀರಿ ಕುಣಿಯುತ್ತದೆಂದು ಜರ್ಮನಿಯ ರುಂಗೆ 1901ರಲ್ಲಿ ತೋರಿಸಿದನು.

1912ರಲ್ಲಿ ಬರ್ನ್‌ಸ್ಟೈನ್ ಎಂಬ ಗಣಿತಜ್ಞನು ನಾಣ್ಯ ಚಿಮ್ಮುವ ಆಟದಿಂದ ಬೇರೆ ಹಾದಿ ಕಂಡನು. ನಾಲ್ಕು ನಾಣ್ಯ ಚಿಮ್ಮಿದರೆ ಅವು ಬೀಳಬಹುದಾದ ಬಗೆಗಳು 16. ತಲೆ ಒಂದೂ ಬೀಳದಿರುವುದು, ಒಂದು, ಎರಡು, ಮೂರು, ನಾಲ್ಕು ಬೀಳುವುದು ಕ್ರಮವಾಗಿ 1, 4, 6, 4, 1 ಬಗೆ. ಇವೇ ದ್ವಿಪದದ ಅಂಕಗಳು. ಇಂಥ ಅಂಕಗಳನ್ನು ಕೊಡುವ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲೇ, ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದಾನೆ.

ದಾರಿಯ ನಟ್ಟನಡುವಿನ ಎತ್ತರ ಬೇಕೆ? ಐದು ಎತ್ತರಗಳನ್ನೂ ಈ ಅಂಕಗಳಿಂದ ಗುಣಿಸಿ ಕೂಡಿರಿ: 208. ಅದನ್ನು 16ರಿಂದ ಭಾಗಿಸಿದರೆ 13. ದಾರಿಯ ಕಾಲುಭಾಗದಲ್ಲಿ ನಿಂತವರು, ಸರಾಸರಿ ನಾಲ್ಕರಲ್ಲಿ ಒಂದು ಸಲ ತಲೆ ಬೀಳುವ ನಾಣ್ಯವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಬೇಕು.

ನಿಜವಾದ ಎತ್ತರ 16, ಬಂದದ್ದು 13. ಮೂರು ಅಡಿ ಕಡಮೆಯಾಯಿತಲ್ಲ ಎನ್ನುವಿರಿ. ಹೌದು, ಇದು ನಿಧಾನಿ. ದಾರಿಯನ್ನು 100 ಭಾಗ ಮಾಡಿದರೂ ಸುಮಾರು 0.64 ಅಡಿಯ ಅಂತರ ಉಳಿಯುತ್ತದೆ. ಇಪ್ಪತ್ತೈದು ಪಟ್ಟು ದುಡಿದು, ಐದು ಪಟ್ಟಿಗೂ ಕಡಮೆ ಲಾಭ! ಆದರೂ ಇದು ಕೈಕೊಡುವುದಿಲ್ಲ. ಎಲ್ಲಿಯೂ ಕಡಿಯದ ಯಾವ ರೇಖೆಯನ್ನೇ ಕೊಡಿ, ಭಾಗಗಳನ್ನು ಹೆಚ್ಚಿಸುತ್ತ ಹೋದರೆ ಅಂತರವನ್ನು ಉದ್ದಕ್ಕೂ ನಿಮಗೆ ಬೇಕಾದಷ್ಟು ಕಿರಿದು ಮಾಡಬಹುದು. ಅಲ್ಲದೆ ಉತ್ತರವು ನೀವು ಕೊಟ್ಟ ಅತಿ ಹೆಚ್ಚಿನ ಎತ್ತರವನ್ನು ಮೀರದು, ಅತಿ ಕಡಮೆಯದಕ್ಕಿಂತ ಕೆಳಗಿಳಿಯದು.

ಈ ಸಂಯಮವೇ ಮುಂದೆ ಉಪಯೋಗಕ್ಕೆ ಬಂತು. ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ ದ ಕಾಸ್ತಲ್‌ಜೋ 1959ರಲ್ಲಿಯೂ, ಬೆಜಿಯೆ 1960ರ ದಶಕದಲ್ಲಿಯೂ, ಕಾರಿನ ಮೈಯ ಬಾಗುಗಳನ್ನು ಇದೇ ಬಹುಪದೋಕ್ತಿಗಳಿಂದ ರೂಪಿಸಿದರು. ಇಂದು ಶಿವಾಜಿನಗರದ ಅಂಗಡಿಯೊಂದರ ಹಲಗೆಗೆ ಗಣಕಯಂತ್ರದಲ್ಲಿ ಕನ್ನಡ ಅಕ್ಷರ ಮೂಡಿಸಿದರೆ, ಅದರ ದುಂಡಿನ ಹಿಂದೆ ಇರುವುದೂ 1, 2, 1 ಅಥವಾ 1, 3, 3, 1 ಎಂಬ ಈ ಪುಟ್ಟ ಅಂಕಗಳೇ. ಬೇಗ ತಲುಪುವ ಸೂತ್ರಗಳು ಬೇರೆ ಇವೆ. ಅಳತೆ ಮೀರದೆ ನಡೆಯಬೇಕಾದೆಡೆ ಈ ನಿಧಾನಿಯನ್ನು ನಂಬಬಹುದು.